ಪರದೆಯ ಮೇಲಿನ ಪ್ರಯೋಗಾಲಯ

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದುಕೊಳ್ಳುವ ಪ್ರಯೋಗಾಲಯವೇ ವರ್ಚುವಲ್ ಲ್ಯಾಬ್. ಬ್ಯುರೆಟ್, ಮಸೂರ, ವಿದ್ಯುತ್ ಮಂಡಲ ಎಲ್ಲವೂ ಅಲ್ಲಿ ಚಿತ್ರರೂಪದಲ್ಲಿರುತ್ತವೆ. ವಿದ್ಯಾರ್ಥಿಗಳು ಅವನ್ನು ಜೋಡಿಸಿ, ಅಳತೆ ಬದಲಿಸಿ, ಫಲಿತಾಂಶ ಬರೆದುಕೊಳ್ಳುತ್ತಾರೆ. 2003ರಲ್ಲಿ ಬಂದ ಸೆಕೆಂಡ್ ಲೈಫ್‌ನಂಥ ಮೂರು ಆಯಾಮದ ಆನ್‌ಲೈನ್ ಲೋಕಗಳಲ್ಲಿ ಹೊರದೇಶದ ಹಲವು ವಿಶ್ವವಿದ್ಯಾಲಯಗಳು ಪಾಠ ನಡೆಸಿದ್ದುಂಟು. ಭಾರತ ಹಿಡಿದದ್ದು ಇನ್ನೂ ಸರಳವಾದ ದಾರಿ. ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ, ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಯೋಜನೆಯಡಿ ವರ್ಚುವಲ್ ಲ್ಯಾಬ್‌ಗಳು ರೂಪುಗೊಂಡವು. ದೆಹಲಿ ಐಐಟಿಯ ನೇತೃತ್ವದ ಈ ಕೆಲಸದಲ್ಲಿ ಸುರತ್ಕಲ್‌ನ ಎನ್‌ಐಟಿಕೆಯೂ ಪಾಲುಗೊಂಡಿದೆ.

ಇಂಥ ಲ್ಯಾಬ್‌ಗಳ ಅಗತ್ಯ ಯಾರಿಗೆ ಹೆಚ್ಚು ಎಂಬುದು ವಿಜಯಪುರದ ಕಡೆ ನೋಡಿದರೆ ತಿಳಿಯುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ವಿಜ್ಞಾನ ಆರಿಸಿಕೊಂಡು ನಗರದ ಕಾಲೇಜಿಗೆ ಬಂದರೆ ಪುಸ್ತಕವೂ ಇಂಗ್ಲಿಷ್, ಪ್ರಾಕ್ಟಿಕಲ್ ಕೂಡ ಹೊಸದು. ಬೆಳಕಿನ ವಕ್ರೀಭವನ ಗೊತ್ತಿದ್ದವರೂ ರಿಫ್ರ್ಯಾಕ್ಷನ್ ಎಂದೊಡನೆ ತಡವರಿಸುತ್ತಾರೆ. ಇದನ್ನು ದಡ್ಡತನವೆಂದು ಎಣಿಸುವುದು ಅನ್ಯಾಯ. ಅವರಿಗೆ ಸಿಗದಿರುವುದು ತಯಾರಿ ಮಾತ್ರ.

ವರ್ಚುವಲ್ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಪ್ರಯೋಗಕ್ಕೆ ಮೊದಲು ಸಿದ್ಧಾಂತ, ಒಂದು ಕಿರುಪರೀಕ್ಷೆ ಮತ್ತು ವಿಧಾನ, ಬಳಿಕ ಪ್ರಯೋಗ, ಕೊನೆಗೆ ಮತ್ತೊಂದು ಪರೀಕ್ಷೆ ಇರುತ್ತದೆ. ಉದಾಹರಣೆಗೆ, ಆಮ್ಲದ ಪ್ರಮಾಣ ಅಳೆಯುವ ಟೈಟ್ರೇಶನ್ ನೋಡಿ. ಫಿನಾಲ್ಫ್ಥಲೀನ್ ಎಂಬ ಸೂಚಕ ಬೆರೆಸಿದ ಆಮ್ಲಕ್ಕೆ ಬ್ಯುರೆಟ್‌ನಿಂದ ಕ್ಷಾರ ಹನಿಸುತ್ತ ಹೋದರೆ ಒಂದು ಹನಿಗೆ ತಿಳಿ ಗುಲಾಬಿ ಬಣ್ಣ ನಿಲ್ಲುತ್ತದೆ. ಅದನ್ನು ದಾಟಿದರೆ ಬಣ್ಣ ಗಾಢವಾಗಿ ಲೆಕ್ಕ ಕೆಡುತ್ತದೆ. ನಿಜವಾದ ಲ್ಯಾಬ್‌ನಲ್ಲಿ ಪಾಳಿ ಮುಗಿಯುತ್ತದೆ, ಪಕ್ಕದವರು ನೋಡುತ್ತಿರುತ್ತಾರೆ, ರಾಸಾಯನಿಕ ವ್ಯರ್ಥವಾಗುತ್ತದೆ. ಪರದೆಯ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಬಹುದು. ಹಿಂಜರಿಯುವ ವಿದ್ಯಾರ್ಥಿಗೆ ಯಾರ ಕಣ್ಣಿಗೂ ಬೀಳದೆ ತಪ್ಪು ಮಾಡುವ ಈ ಅವಕಾಶವೇ ದೊಡ್ಡದು.

ಊರಿನ ಅನುಭವವನ್ನೂ ಇದಕ್ಕೆ ಜೋಡಿಸಬಹುದು. ದ್ರಾಕ್ಷಿ ಬೆಳೆಯುವ ವಿಜಯಪುರ ಭಾಗದಲ್ಲಿ ಹಣ್ಣಿನ ಸಕ್ಕರೆ ಅಂಶ ತಿಳಿಯಲು ಬಳಸುವ ರಿಫ್ರಾಕ್ಟೋಮೀಟರ್ ಕೆಲಸ ಮಾಡುವುದು ವಕ್ರೀಭವನದಿಂದಲೇ. ರಸದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. ಪರದೆಯ ಮೇಲೆ ಕೋನ ಬದಲಿಸಿ ಕಲಿತ ನಿಯಮವನ್ನು ತೋಟದ ಒಂದು ಹನಿ ರಸದಲ್ಲಿ ಪರಿಶೀಲಿಸಬಹುದು.

ಕೊರತೆಗಳೂ ಇವೆ. ಸೂಚನೆಗಳು ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ ಉಪನ್ಯಾಸಕರು ಮೊದಲು ಕನ್ನಡದಲ್ಲಿ ವಿವರಿಸದಿದ್ದರೆ ಹಳೆಯ ತೊಡಕೇ ಹೊಸ ಪರದೆಗೆ ಬರುತ್ತದೆ. ಹಿಂದೆ ಅನೇಕ ಪ್ರಯೋಗಗಳು ಫ್ಲ್ಯಾಶ್ ತಂತ್ರಾಂಶ ನಂಬಿದ್ದವು. 2020ರ ಕೊನೆಗೆ ಅದು ನಿಂತಾಗ ಅವನ್ನು ಬ್ರೌಸರಿನಲ್ಲೇ ನಡೆಯುವಂತೆ ಬದಲಿಸಬೇಕಾಯಿತು. ಇದರಿಂದ ಮೊಬೈಲಿನಲ್ಲಿ ಬಳಸುವುದು ಸುಲಭವಾಯಿತು, ಆದರೆ ನೆಟ್‌ವರ್ಕ್ ಬೇಕೇ ಬೇಕು. ಪಿಪೆಟ್ ಹಿಡಿಯುವ ಕೈಚಳಕ, ಆಮ್ಲದ ಬಗೆಗಿನ ಎಚ್ಚರ ಪರದೆಯಿಂದ ಬರುವುದಿಲ್ಲ. ಹಾಗಾಗಿ ಪ್ರಾಕ್ಟಿಕಲ್‌ನ ಹಿಂದಿನ ದಿನ ಮೊಬೈಲಿನಲ್ಲಿ ಮಾಡಿಸಿ, ಮರುದಿನ ಅದೇ ಪ್ರಯೋಗವನ್ನು ನಿಜವಾದ ಮೇಜಿನ ಮೇಲೆ ಮಾಡಿಸುವ ಕ್ರಮವೇ ಸರಿಯಾದದ್ದು.