ಪೊಟರೆ ಬಿದ್ದ ಮರ ಸತ್ತ ಮರವಲ್ಲ

ದೇವನಹಳ್ಳಿ ಸಮೀಪದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಸುಮಾರು 54 ಎಕರೆಯ ಈ ತೋಪಿನಲ್ಲಿ, ಪಾಳುಬಿದ್ದ ಗುಡಿಯ ಆಸುಪಾಸಿನಲ್ಲಿ, ಶತಮಾನಗಳನ್ನು ಕಂಡ ಮರಗಳಿವೆ. ಒಡಲು ಟೊಳ್ಳಾದರೂ ಚಿಗುರುವುದನ್ನು ಅವು ಬಿಟ್ಟಿಲ್ಲ.

ನಗರದಲ್ಲಾಗಿದ್ದರೆ ಇಂಥ ಮರಕ್ಕೆ ‘ಅಪಾಯಕಾರಿ’ ಎಂಬ ಹಣೆಪಟ್ಟಿ ಅಂಟಿಸಿ ಕೊಡಲಿ ಹಾಕಿಬಿಡುತ್ತಿದ್ದರೇನೋ ಎಂಬ ಅಳುಕು ನನ್ನದು. ಜನರ ಸುರಕ್ಷತೆ ಮುಖ್ಯ, ನಿಜ. ಆದರೆ ಕಾಂಡದ ನಡುವಿನ ಚೇಗು ನಿರ್ಜೀವ ಭಾಗ. ನೀರು, ಆಹಾರ ಸಾಗುವುದು ತೊಗಟೆಗೆ ಹತ್ತಿರದ ಪದರಗಳಲ್ಲಿ. ಪೊಟರೆಯೊಂದೇ ಸಾವಿನ ಲಕ್ಷಣವಲ್ಲ. ಗಟ್ಟಿ ಭಾಗ ಎಷ್ಟು ಉಳಿದಿದೆ, ಬೇರು ಹೇಗಿದೆ ಎಂಬುದನ್ನು ಪರೀಕ್ಷಿಸಬೇಕು. ಪೊಟರೆಗೆ ತುಂಬಿದ ಸಿಮೆಂಟು ತೇವವನ್ನು ಹಿಡಿದಿಟ್ಟು ಕೊಳೆಯುವಿಕೆಯನ್ನು ಹೆಚ್ಚಿಸುತ್ತದೆ. ಬುಡಕ್ಕೆ ಹಾಸಿದ ಕಾಂಕ್ರೀಟು ಬೇರಿನ ಉಸಿರು ಕಟ್ಟಿಸುತ್ತದೆ. ಬಂದಳಿಕೆ ಹತ್ತಿದ ರೆಂಬೆಯನ್ನು ಮೊದಲೇ ಸವರಿದರೆ ಇಡೀ ಮರ ಉಳಿದೀತು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಸಾಮಾನ್ಯವಾಗಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಪಾರಂಪರಿಕ ಸ್ಥಳಗಳ ಹಳೆಯ ಮರಗಳ ವಿಷಯದಲ್ಲಿ ಸಸ್ಯರೋಗ ತಜ್ಞರ ಲಿಖಿತ ವರದಿಯೂ ಕಡ್ಡಾಯವಾಗಲಿ. ಕುಸಿದ ಗೋಡೆಯನ್ನು ಮತ್ತೆ ಕಟ್ಟಬಹುದು. ಕಡಿದ ಮರದ ಬದಲಿಗೆ ನೆಟ್ಟ ಸಸಿ ಆ ವಯಸ್ಸು ಮುಟ್ಟುವುದನ್ನು ನಮ್ಮ ಮೊಮ್ಮಕ್ಕಳೂ ಕಾಣಲಾರರು.