ಕೈಗೆ ತಣ್ಣಗಿತ್ತು, ಹೊಟ್ಟೆ ಸುಟ್ಟಿತ್ತು

‘ಹಲ್ಲಿ ನೋಡ್ಕೊಳ್ಳೋಕೆ ಅಮೆರಿಕಕ್ಕೆ ಹೋದ್ಯೇನೋ?’

ವಿಡಿಯೊ ಕಾಲ್‌ನಲ್ಲಿ ಅಮ್ಮ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಂ.ಎಸ್‌. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಓದು ಮುಗಿದ ಮೇಲೆ ಸಿಗುವ ಓಪಿಟಿ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಇರುವಂತಿಲ್ಲ. ನನ್ನ ಲೆಕ್ಕದಲ್ಲಿ ಆಗಲೇ 41 ದಿನ ಕಳೆದಿತ್ತು. ಹೊರಗೆ ಬಫಲೊ ನಗರದ ಡಿಸೆಂಬರ್ ಹಿಮ. ಕ್ರಿಸ್‌ಮಸ್‌ಗೆ ಊರಿಗೆ ಹೊರಟ ರೂಮ್‌ಮೇಟ್, ತಾನು ಸಾಕಿದ ‘ಮ್ಯಾಂಗೊ’ವನ್ನು ನನ್ನ ಸುಪರ್ದಿಗೆ ಬಿಟ್ಟಿದ್ದ.

ಮ್ಯಾಂಗೊ ಒಂದು ಲೆಪರ್ಡ್ ಗೆಕ್ಕೊ. ಹಳದಿ ಮೈ, ಕಪ್ಪು ಚುಕ್ಕೆ, ಕೊಬ್ಬು ತುಂಬಿಟ್ಟುಕೊಂಡ ದಪ್ಪ ಬಾಲ. ನಮ್ಮನೆ ಗೋಡೆಯ ಹಲ್ಲಿಯ ದೂರದ ನೆಂಟ ಎನ್ನಬಹುದು. ಆದರೆ ಇದಕ್ಕೆ ರೆಪ್ಪೆಗಳಿವೆ, ಕಣ್ಣು ಮುಚ್ಚಿ ನಿದ್ದೆ ಮಾಡುತ್ತದೆ. ಬೆರಳಲ್ಲಿ ಅಂಟುವ ಪಟ್ಟಿ ಇಲ್ಲ, ಹಾಗಾಗಿ ಗೋಡೆ ಹತ್ತಲಾರದು. ಲೊಚಗುಟ್ಟುವ ಅಭ್ಯಾಸವಂತೂ ಇಲ್ಲ, ಶಕುನ ಕೇಳುವ ನನ್ನ ಅಜ್ಜಿಗೆ ಇದರಿಂದ ಏನೂ ಉಪಯೋಗವಿಲ್ಲ. ಪಾಕಿಸ್ತಾನ, ಅಫ್ಗಾನಿಸ್ತಾನದ ಕಡೆಯ ಒಣ ಕಲ್ಲುನೆಲದ ಪ್ರಾಣಿ. ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು, ತಿಂದ ಹುಳ ಅರಗಬೇಕಾದರೂ ಹೊರಗಿನ ಕಾವು ಬೇಕು. ಅದಕ್ಕಾಗಿ ಗಾಜಿನ ತೊಟ್ಟಿಯ ತಳಕ್ಕೆ, ಹೊರಗಿನಿಂದ, ತೆಳ್ಳನೆಯ ಹೀಟ್ ಮ್ಯಾಟ್ ಅಂಟಿಸಿದ್ದ. ಮ್ಯಾಟ್‌ಗೂ ಪ್ಲಗ್‌ಗೂ ನಡುವೆ ಒಂದು ಪುಟ್ಟ ಡಬ್ಬಿ: ಥರ್ಮೊಸ್ಟಾಟ್.

ಮೂರನೇ ದಿನ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗಿಳಿಯಿತು. ತೊಟ್ಟಿಯೊಳಗೆ ಕೈಯಿಟ್ಟು ನೋಡಿದೆ, ನೆಲ ಬೆಚ್ಚಗಿದೆ ಅನ್ನಿಸಲೇ ಇಲ್ಲ. ಡಬ್ಬಿಯ ದೀಪ ಆಗಾಗ ಆರುತ್ತಿತ್ತು, ಟಕ್ಕೆಂದು ಸದ್ದಾಗುತ್ತಿತ್ತು. ‘ಕೆಟ್ಟಿದೆ’ ಎಂದು ತೀರ್ಮಾನಿಸಿದೆ. ರೂಮ್‌ಮೇಟ್‌ಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ, ಎಂಜಿನಿಯರ್ ಅಲ್ಲವೇ! ಡಬ್ಬಿ ತೆಗೆದು ಮ್ಯಾಟ್‌ನ ವೈರನ್ನು ನೇರ ಗೋಡೆಯ ಪ್ಲಗ್‌ಗೆ ಸಿಕ್ಕಿಸಿದೆ. ಪಾಪ, ಬೆಚ್ಚಗಿರಲಿ ಎಂದು ತೊಟ್ಟಿಗೆ ತೆಂಗಿನ ನಾರಿನ ಪುಡಿಯನ್ನೂ ಇನ್ನಷ್ಟು ಸುರಿದೆ.

ಎರಡು ದಿನ ಮ್ಯಾಂಗೊ ಆ ಮೂಲೆಯಿಂದ ಕದಲಲಿಲ್ಲ. ‘ನೋಡು, ಎಷ್ಟು ಸುಖವಾಗಿದೆ’ ಅಂದುಕೊಂಡೆ. ಸಂಜೆ ಎತ್ತಿದಾಗ ಹೊಟ್ಟೆಯ ಮೇಲೆ ಎಂಟಾಣೆ ಅಗಲದ ಕೆಂಪು ಕಲೆ, ನಡುವೆ ಚರ್ಮ ಸುಲಿದಿತ್ತು. ಅದು ಪುಡಿಯನ್ನು ಕೆದರಿ ಗಾಜಿನವರೆಗೂ ಇಳಿದು ಮಲಗಿತ್ತು. ಅಲ್ಲಿಗೆ ಥರ್ಮಾಮೀಟರ್ ಹಿಡಿದೆ: 47 ಡಿಗ್ರಿ ಸೆಲ್ಸಿಯಸ್. ಇರಬೇಕಾದದ್ದು 31ರಿಂದ 33.

ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯೆಯನ್ನು ಹುಡುಕಿಕೊಂಡು ಹಿಮದಲ್ಲಿ ಹೊರಟೆ. ಮ್ಯಾಂಗೊ ಒಂದು ಡಬ್ಬದಲ್ಲಿ, ಡಬ್ಬ ನನ್ನ ಜಾಕೆಟ್ಟಿನೊಳಗೆ. ಅವರು ಗಾಯ ತೊಳೆದು, ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚಿ, ‘ನಿಮ್ಮ ಅಂಗೈ ಥರ್ಮಾಮೀಟರ್ ಅಲ್ಲ’ ಅಂದರು. ನಮ್ಮ ಚರ್ಮವೇ ಸುಮಾರು 33 ಡಿಗ್ರಿ ಇರುವಾಗ, 32 ಡಿಗ್ರಿಯ ನೆಲ ನಮಗೆ ಬಿಸಿ ಎನಿಸುವುದಾದರೂ ಹೇಗೆ? ದೀಪ ಆರುತ್ತಿದ್ದದ್ದು ಡಬ್ಬಿ ಕೆಟ್ಟದ್ದರಿಂದಲ್ಲ, ತನ್ನ ಕೆಲಸ ಮಾಡುತ್ತಿದ್ದದ್ದರಿಂದ. ನಾನು ಸುರಿದ ಪುಡಿ ಕಂಬಳಿಯ ಹಾಗೆ ಬಿಸಿಯನ್ನು ಕೆಳಗೇ ತಡೆದು ಗಾಜನ್ನು ಇನ್ನಷ್ಟು ಕಾಯಿಸಿತ್ತು. ಹಾಗಾದರೆ ಸುಡುವಾಗ ಅದು ಎದ್ದು ಹೋಗಬಾರದಿತ್ತೇ? ಹೊಟ್ಟೆ ಸುಡುತ್ತಿದ್ದರೂ ಸರೀಸೃಪಗಳು ಅಲ್ಲೇ ಕೂತುಬಿಡುವುದುಂಟಂತೆ. ಮ್ಯಾಟ್ ನೆಲವನ್ನಷ್ಟೇ ಕಾಯಿಸುತ್ತದೆ, ಗಾಳಿಯನ್ನಲ್ಲ. ಮೇಲಿನ ಗಾಳಿ ಕೊರೆಯುತ್ತಿದ್ದರೆ ಅದು ನೆಲವನ್ನೇ ಇನ್ನಷ್ಟು ಅವುಚಿಕೊಳ್ಳುತ್ತದೆ.

ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವನು ಬೈಯದೆ, ಒಂದೊಂದಾಗಿ ಹೇಳಿ ಮಾಡಿಸಿದ. ಥರ್ಮೊಸ್ಟಾಟ್‌ನ ಪ್ರೋಬ್, ಅಂದರೆ ಬಿಸಿ ಅಳೆಯುವ ವೈರಿನ ತುದಿ, ಮ್ಯಾಟ್‌ನ ನೇರ ಮೇಲೆ, ಪ್ರಾಣಿ ಮಲಗುವ ಜಾಗದಲ್ಲೇ ಕೂರಬೇಕು. ಅದು ಜಾರಿ ತಣ್ಣನೆಯ ಮೂಲೆಗೆ ಬಿದ್ದರೆ ‘ಇನ್ನೂ ಚಳಿ’ ಎಂದುಕೊಂಡು ಡಬ್ಬಿ ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ, ಆದ್ದರಿಂದ ದಿನಾ ನೋಡಬೇಕು. ಒಳಗೆ ಟೇಪ್ ಹಾಕುವಂತಿಲ್ಲ, ಗೆಕ್ಕೊ ಅದಕ್ಕೆ ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ಡಬ್ಬಿಯನ್ನೇ ನಂಬಿ ಕೂರದೆ ಇನ್ನೊಂದು ಥರ್ಮಾಮೀಟರ್‌ನಲ್ಲೂ ಅಳೆಯಬೇಕು. ಮ್ಯಾಟ್ ತಳದ ಮೂರನೇ ಒಂದು ಭಾಗದಷ್ಟು, ಒಂದು ಬದಿಗೆ ಮಾತ್ರ. ಸಾಕೆನಿಸಿದಾಗ ತಂಪಿನ ಕಡೆಗೆ ನಡೆದುಹೋಗಲು ಅದಕ್ಕೆ ಜಾಗ ಬೇಕಲ್ಲ! ತೊಟ್ಟಿಯ ನಾಲ್ಕು ಮೂಲೆಗೂ ರಬ್ಬರ್ ಕಾಲು ಯಾಕಿದೆ ಎಂಬುದೂ ಆಗ ತಿಳಿಯಿತು. ಅಡಿಯಲ್ಲಿ ಗಾಳಿಯಾಡದಿದ್ದರೆ ಬಿಸಿ ಅಲ್ಲೇ ಕೂಡಿಕೊಂಡು ಗಾಜು ಸೀಳಬಹುದು, ಕೆಳಗಿನ ಮರದ ಮೇಜೂ ಕಪ್ಪಾಗಬಹುದು. ನಾವಿದ್ದದ್ದು ಹಳೆಯ ಮರದ ಮನೆ. ಆ ರಾತ್ರಿ ನಾನು ಎರಡು ಸಲ ಎದ್ದು ಮೇಜು ಮುಟ್ಟಿ ನೋಡಿದೆ.

(ಇದನ್ನೋದಿ ಊರಲ್ಲಿ ಯಾರಾದರೂ ನಕ್ಷತ್ರ ಆಮೆ ತಂದು ಸಾಕಲು ಹೊರಟೀರಿ, ಜೋಕೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.)

ಮಾರನೆಯ ಬೆಳಿಗ್ಗೆಯೇ ನನಗೆ ಇಂಟರ್‌ವ್ಯೂ ಇತ್ತು. ಕಂಟ್ರೋಲ್ ಸಿಸ್ಟಮ್ಸ್ ನನ್ನ ಓದಿನ ವಿಷಯ. ಫೀಡ್‌ಬ್ಯಾಕ್ ಇಲ್ಲದ ವ್ಯವಸ್ಥೆ ಹೇಗೆ ಹದ್ದು ಮೀರುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ‘ಸೆನ್ಸರ್ ಜಾಗ ಬಿಟ್ಟು ಕದಲಿದರೆ ಏನಾಗುತ್ತದೆ?’ ಎಂದು ಕೇಳಿದರು. ಉತ್ತರ ಹೇಳುವಾಗ ಗಂಟಲು ಕಟ್ಟಿತು. ಆ ಕೆಲಸ ಸಿಗಲಿಲ್ಲ.

ಪುಡಿಯನ್ನೆಲ್ಲ ತೆಗೆದು ಪೇಪರ್ ಟವಲ್ ಹಾಸಿ, ದಿನಕ್ಕೆರಡು ಸಲ ಮುಲಾಮು ಹಚ್ಚಿದೆ. ಎಂಟು ದಿನ ಮ್ಯಾಂಗೊ ಏನನ್ನೂ ತಿನ್ನಲಿಲ್ಲ. ಒಂಬತ್ತನೆಯ ದಿನ ಒಂದು ಹುಳವನ್ನು ಗಬಕ್ಕನೆ ಹಿಡಿಯಿತು. ಅಮ್ಮನಿಗೆ ವಿಡಿಯೊ ಕಳಿಸಿದೆ. ‘ಥೂ’ ಎಂದು ಬರೆದವಳು, ಐದು ನಿಮಿಷ ಬಿಟ್ಟು ‘ಗಾಯ ಒಣಗಿತೇನೋ?’ ಎಂದು ಕೇಳಿದಳು. ಪೊರೆ ಎರಡು ಸಲ ಕಳಚಿದ ಮೇಲೆ ಅಲ್ಲೊಂದು ಮಾಸಲು ಗುರುತು ಮಾತ್ರ ಉಳಿಯಿತು.

73ನೇ ದಿನ ನನಗೆ ಬೇರೊಂದು ಕಡೆ ಕೆಲಸವಾಯಿತು. ಮಾರ್ಚ್‌ನಲ್ಲಿ ರೂಮ್‌ಮೇಟ್ ಮತ್ತೆ ಊರಿಗೆ ಹೊರಟ, ಮ್ಯಾಂಗೊವನ್ನು ಮತ್ತೆ ನನಗೇ ಒಪ್ಪಿಸಿದ. ಈ ಸಲ ಥರ್ಮೊಸ್ಟಾಟ್‌ನ ಪ್ಲಗ್ ಮೇಲೊಂದು ಹಳದಿ ಚೀಟಿ ಅಂಟಿಸಿದ್ದ. ಅಂತರ್ಜಾಲದಲ್ಲಿ ಹುಡುಕಿ, ಅಂಕುಡೊಂಕಾದ ಕನ್ನಡ ಅಕ್ಷರಗಳಲ್ಲಿ ಬರೆದಿದ್ದ: ‘ಮುಟ್ಟಬೇಡ’.