ಕೊಡೇಕಲ್ಲಿನ ಕಾಲುವೆ ಮತ್ತು ಎರಡು ದತ್ತಸಂಚಯಗಳು

ಕಾಲಜ್ಞಾನದ ಬಸವಣ್ಣನಿಂದ ಹೆಸರಾದ ಯಾದಗಿರಿ ಜಿಲ್ಲೆಯ ಕೊಡೇಕಲ್ ಕುರಿತು ಕನ್ನಡ ವಿಕಿಪೀಡಿಯದಲ್ಲಿ ಯಾರಾದರೂ ಒಂದು ವಾಕ್ಯ ಸೇರಿಸಿದರೆ, ಅದು ಉಳಿಯುವುದು ಮರಿಯಾಡಿಬಿ ಎಂಬ ದತ್ತಸಂಚಯದಲ್ಲಿ. ಅದೇ ವ್ಯಕ್ತಿ ಆ ಸೀಮೆಗೆ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಗೆರೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯಲ್ಲಿ ತಿದ್ದಿದರೆ, ಅದು ದಾಖಲಾಗುವುದು ಪೋಸ್ಟ್‌ಗ್ರೆಸ್‌ನಲ್ಲಿ. ಎರಡೂ ಮುಕ್ತ ತಂತ್ರಾಂಶಗಳು, ಎರಡೂ ಉಚಿತ. ಹಾಗಿದ್ದೂ ಆಯ್ಕೆ ಬೇರೆಯಾದದ್ದೇಕೆ?

ತಂತ್ರಜ್ಞರು ವೇಗದ ಮಾತೆತ್ತುತ್ತಾರೆ. ಅದರಲ್ಲಿ ಹುರುಳು ಕಡಿಮೆ. ನಕಾಶೆಯ ಕಾಲುವೆಯೆಂದರೆ ಒಂದರ ಹಿಂದೊಂದು ಪೋಣಿಸಿದ ಬಿಂದುಗಳ ಸಾಲು. ತಿದ್ದುಪಡಿಯ ನಡುವೆ ಸಂಪರ್ಕ ಕಡಿದು ಅರ್ಧದಷ್ಟೇ ಸೇರಿದರೆ ಕಾಲುವೆ ಹೊಲದ ನಡುವೆ ತುಂಡಾಗುತ್ತದೆ. ಕಳುಹಿಸಿದ್ದು ಪೂರ್ತಿ ಸೇರಬೇಕು, ಇಲ್ಲವೇ ಏನೂ ಸೇರಬಾರದು. ಮೈಎಸ್‌ಕ್ಯುಎಲ್ ಆಧರಿಸಿದ್ದ ಆ ಯೋಜನೆಯ ಹಳೆಯ ವ್ಯವಸ್ಥೆಯಲ್ಲಿ ಈ ಖಾತರಿ ಇರಲಿಲ್ಲ. 2009ರ ಏಪ್ರಿಲ್‌ನಲ್ಲಿ ಕೆಲವು ದಿನ ತಿದ್ದುಪಡಿಗಳನ್ನೇ ನಿಲ್ಲಿಸಿ ಅದು ಪೋಸ್ಟ್‌ಗ್ರೆಸ್‌ಗೆ ವಲಸೆ ಹೋಯಿತು.

ವಿಕಿಪೀಡಿಯದ ಕಷ್ಟವೇ ಬೇರೆ. ಅಲ್ಲಿ ಬರೆಯುವವರು ಕೆಲವರು, ಓದುವವರು ಅಸಂಖ್ಯ. ಒಂದೆಡೆ ಬರೆದದ್ದನ್ನು ಹಲವು ಸರ್ವರ್‌ಗಳಿಗೆ ನಕಲಿಸಿ ಓದುಗರ ಹೊರೆಯನ್ನು ಹಂಚುವ ಅನುಕೂಲ ಮೈಎಸ್‌ಕ್ಯುಎಲ್‌ನಲ್ಲಿ ಮೊದಲೇ ಇತ್ತು. ಪೋಸ್ಟ್‌ಗ್ರೆಸ್ ಅದನ್ನು ತನ್ನೊಳಗೇ ಅಳವಡಿಸಿಕೊಂಡದ್ದು 2010ರಲ್ಲಿ.

ಅದೇ ವರ್ಷ ಮೈಎಸ್‌ಕ್ಯುಎಲ್, ತನ್ನ ಒಡೆಯನಾಗಿದ್ದ ಸನ್ ಕಂಪನಿಯೊಂದಿಗೆ ಒರಾಕಲ್ ಪಾಲಾಯಿತು. ದತ್ತಸಂಚಯ ಮಾರಿಯೇ ಬೆಳೆದ ಸಂಸ್ಥೆ ಉಚಿತ ದತ್ತಸಂಚಯವನ್ನು ಎಷ್ಟು ಕಾಲ ಸಾಕೀತು? ಈ ಅನುಮಾನದಿಂದಲೇ ಮೂಲ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ 2009ರಲ್ಲೇ ಅದರ ಆಕರ ಸಂಕೇತವನ್ನು ಪ್ರತಿಮಾಡಿಕೊಂಡು ಮರಿಯಾಡಿಬಿ ಆರಂಭಿಸಿದ್ದರು. (ಮೊದಲನೆಯದಕ್ಕೆ ಹಿರಿಮಗಳ ಹೆಸರು, ಎರಡನೆಯದಕ್ಕೆ ಕಿರಿಮಗಳದು!) 2013ರಲ್ಲಿ ವಿಕಿಪೀಡಿಯ ಅತ್ತ ಹೊರಳಿತು. ಎರಡೂ ಒಂದೇ ಬೇರಿನವಾದ್ದರಿಂದ ತನ್ನ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕಾಗಲಿಲ್ಲ. ಪೋಸ್ಟ್‌ಗ್ರೆಸ್‌ಗೆ ಇಂಥ ಭಯವಿಲ್ಲ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೊದಲುಗೊಂಡ ಅದನ್ನು ಈಗ ಪೋಷಿಸುತ್ತಿರುವುದು ಯಾವ ಒಂದು ಕಂಪನಿಗೂ ಸೇರದ ಬಳಗ. ಮಾರಲು ಅಲ್ಲಿ ಒಡೆಯನೇ ಇಲ್ಲ.

ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿತು. ಆದರೆ ಮುಕ್ತವಾದವುಗಳಲ್ಲಿ ಯಾವುದೆಂಬ ತೀರ್ಮಾನ ಬಹುತೇಕ ಎಂಜಿನಿಯರುಗಳ ರೂಢಿಗೆ ಬಿಟ್ಟ ಸಂಗತಿಯಾಗಿದೆ. ಕಲಿತದ್ದನ್ನೇ ಅವರು ಆರಿಸುತ್ತಾರೆ. ಕೊಡೇಕಲ್ಲಿನ ರೈತನ ಪಹಣಿ ಮೊಮ್ಮಕ್ಕಳ ಕಾಲಕ್ಕೂ ಬೇಕಾಗುವ ದಾಖಲೆ. ಅಂಥದನ್ನಿಡುವ ತಂತ್ರಾಂಶಕ್ಕೆ ಟೆಂಡರ್ ಕರೆಯುವ ಅಧಿಕಾರಿಗಳು ವೇಗದ ಅಂಕಿಅಂಶಗಳಿಗಿಂತ ಮೊದಲು, ಇದರ ಒಡೆಯ ಯಾರು, ನಾಳೆ ಅವನು ಕೈಬದಲಾಯಿಸಿದರೆ ದಾಖಲೆಗಳನ್ನು ಹೊರತರುವ ದಾರಿ ಯಾವುದು ಎಂದು ಕೇಳಬೇಕಾಗಿದೆ.